ಸಂಜೆಯ ಎರಡು ಗಂಟೆ

ಶ್ರಾವಣದ ಪಂಚಮಿ ಹಬ್ಬ ಬಂದಿತೆಂದರೆ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಹಳ್ಳಿಗಳಲ್ಲಿ ಬೇವಿನ ಮರಗಳಿಗೆ ಜೋಕಾಲಿ ಕಟ್ಟುತ್ತಾರೆ. ಕೊಟ್ಟ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಮನೆಮಾತು ಕನ್ನಡವೋ ಮರಾಠಿಯೋ ಎಂಬ ಭೇದವಿಲ್ಲದೆ ಅಂಗಳದಲ್ಲಿ ಕೈಗೆ ಕೈ ಕೂಡಿಸಿ ಫುಗಡಿ ಆಡುತ್ತಾರೆ. ಆ ಒಂದೆರಡು ದಿನ ಹೆಣ್ಣುಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮುಗಿಲೆತ್ತರಕ್ಕೆ ಜೀಕಿದರೆ, ಬೀದಿಗೆ ಕೇಳುವಂತೆ ನಕ್ಕರೆ ಯಾರೂ ಏನೂ ಅನ್ನುವುದಿಲ್ಲ. ಹಬ್ಬ ಮುಗಿದ ಮೇಲೆ ಹಗ್ಗ ಬಿಚ್ಚುತ್ತಾರೆ. ಮಗಳು ಗಂಡನ ಮನೆಗೆ ಹೊರಡುತ್ತಾಳೆ.

ಹೆಣ್ಣಿನ ಮೈಮನಸ್ಸುಗಳಿಗೂ ಆಟದ ಹಸಿವು ಇದೆ ಎಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ತಿಳಿದೇ ಅದಕ್ಕೊಂದು ಹಬ್ಬವನ್ನು ಮಾಡಿದರು. ಆದರೆ ಆ ಹಸಿವಿಗೆ ವರ್ಷದಲ್ಲಿ ಎರಡು ದಿನ ಮತ್ತು ತವರಿನ ಅಂಗಳವನ್ನಷ್ಟೇ ಗೊತ್ತುಮಾಡಿದರು. ಉಳಿದ ದಿನಗಳಲ್ಲಿ ಆಟವೆಂಬುದು ಗಂಡುಮಕ್ಕಳ ಸೊತ್ತು. ಕ್ರೀಡೆಯಲ್ಲಿ ಮಹಿಳೆಯರ ಸಮಾನತೆಯ ಮಾತು ಬಂದಾಗಲೆಲ್ಲ ನನಗೆ ಈ ಲೆಕ್ಕವೇ ನೆನಪಾಗುತ್ತದೆ. ನಮ್ಮ ಹೆಣ್ಣುಮಕ್ಕಳಿಗೆ ಶಕ್ತಿಯ ಕೊರತೆ ಇಲ್ಲ, ಛಲದ ಕೊರತೆಯೂ ಇಲ್ಲ. ಅವರಿಗೆ ಇಲ್ಲದಿರುವುದು ಸಮಯ: ದಿನದಲ್ಲಿ ಸಂಜೆಯ ಎರಡು ಗಂಟೆ, ಬಾಳಿನಲ್ಲಿ ಹದಿಮೂರರಿಂದ ಇಪ್ಪತ್ತರವರೆಗಿನ ಏಳು ವರ್ಷ.

ಈ ವಿಷಯವನ್ನು ಬರೆಯಲು ನನಗೇನು ಅಧಿಕಾರ ಎಂದು ಓದುಗರು ಕೇಳಬಹುದು. ನಾನು ಕ್ರೀಡಾಪಟುವಲ್ಲ. ನಿಲಂಗಾ ತಾಲೂಕಿನ ಒಂದು ಕನ್ನಡ ಮನೆಯಲ್ಲಿ ಹುಟ್ಟಿ, ಉಮರ್ಗಾ ತಾಲೂಕಿಗೆ ಸೊಸೆಯಾಗಿ ಬಂದು, ಕೆಲವು ವರ್ಷ ಉದಗೀರದ ಕಡೆಗೂ ಉಳಿದ ವರ್ಷ ಈ ಕಡೆಗೂ ಜಿಲ್ಲಾ ಪರಿಷತ್ ಶಾಲೆಗಳಲ್ಲಿ ಕಲಿಸಿ ನಿವೃತ್ತಳಾದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಎಂಬ ನಮ್ಮೆಲ್ಲರ ಬದುಕೇ ನನ್ನದೂ ಆಗಿತ್ತು. ಚಿಕ್ಕ ಶಾಲೆಗಳಲ್ಲಿ ದೈಹಿಕ ಶಿಕ್ಷಣಕ್ಕೆ ಬೇರೆ ಶಿಕ್ಷಕರಿರುವುದಿಲ್ಲವಾದ್ದರಿಂದ ಸೀಟಿಯೂ ನನ್ನ ಕೊರಳಿಗೇ ಬಂದಿತು. ಸೀರೆಯ ನೆರಿಗೆ ಎತ್ತಿ ಹಿಡಿದು ಬಯಲಿನ ಅಂಚಿನಲ್ಲಿ ನಿಂತು ಇಪ್ಪತ್ತಕ್ಕೂ ಹೆಚ್ಚು ವರ್ಷ ಹುಡುಗಿಯರ ಓಟವನ್ನು ನೋಡಿದ್ದೇನೆ. ಆ ನೋಟದ ಬಲದಿಂದಲೇ ಈ ನಾಲ್ಕು ಮಾತು.

ನಮ್ಮ ನಾಡಿಗೆ ಕ್ರೀಡೆ ಹೊಸದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ಅನಂತರ ಉಸ್ಮಾನಾಬಾದ್ ಜಿಲ್ಲೆಗೆ ಸೇರಿ, 1982ರಲ್ಲಿ ಲಾತೂರ ಜಿಲ್ಲೆ ಆದಾಗ ಅದರ ಪಾಲಾದವು. ಗೆರೆ ಎಲ್ಲಿ ಬಿದ್ದರೂ ಜಾತ್ರೆಯ ಕುಸ್ತಿ ಎರಡೂ ಕಡೆ ಒಂದೇ ಆಗಿತ್ತು. ನಿಲಂಗಾ ತಾಲೂಕಿನ ರಾಮಲಿಂಗ ಮುದಗಡದ ಹರಿಶ್ಚಂದ್ರ ಬಿರಾಜದಾರ ಅವರು 1969ರಲ್ಲಿ ಮಹಾರಾಷ್ಟ್ರ ಕೇಸರಿಯಾಗಿ, 1970ರಲ್ಲಿ ಎಡಿನ್‌ಬರೋದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಾಗ ಈ ಭಾಗದ ಮನೆಮನೆಯೂ ಹೆಮ್ಮೆಪಟ್ಟಿತು. ಬಿರಾಜದಾರ ಎಂಬ ಅಡ್ಡಹೆಸರು ನಮ್ಮ ಕನ್ನಡ ಮನೆತನಗಳದ್ದೂ ಆದ್ದರಿಂದ ನಮಗೆ ಇನ್ನೂ ಒಂದು ತೂಕ ಹೆಚ್ಚು. ಆದರೆ ನನ್ನ ಬಾಲ್ಯದಲ್ಲಿ ಹೆಂಗಸರು ಕುಸ್ತಿಯ ಕಣದ ಹತ್ತಿರ ಹೋಗುತ್ತಿರಲಿಲ್ಲ. ಹಲಗೆಯ ಸದ್ದು ಜೋರಾದರೆ ಯಾರೋ ಚಿತ್ ಆದರೆಂದು ಮನೆಯೊಳಗೆ ಕುಳಿತೇ ಊಹಿಸುತ್ತಿದ್ದೆವು. ಕ್ರೀಡೆಯ ಕೀರ್ತಿಯಲ್ಲಿ ನಮಗೆ ಪಾಲಿತ್ತು, ಕ್ರೀಡೆಯಲ್ಲಿ ಇರಲಿಲ್ಲ.

ಈ ನೆಲದಲ್ಲಿಯೇ ಹೆಣ್ಣುಮಕ್ಕಳು ಆ ಮಾತನ್ನು ಬದಲಿಸಿದ್ದು ಖೋ-ಖೋ ಆಟದ ಮೂಲಕ. ಈ ಆಟಕ್ಕೆ ಎರಡು ಕಂಬ, ಒಂದು ತುಂಡು ಬಯಲು ಸಾಕು. ಬ್ಯಾಟು ಬೇಡ, ಬಲೆ ಬೇಡ, ಬೂಟಿಲ್ಲದಿದ್ದರೂ ನಡೆಯುತ್ತದೆ. ಎಂಟು ಜನ ಒಬ್ಬರಿಗೊಬ್ಬರು ವಿರುದ್ಧ ದಿಕ್ಕಿಗೆ ಮುಖಮಾಡಿ ಸಾಲಾಗಿ ಕೂಡುತ್ತಾರೆ, ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಹೊರಟ ದಿಕ್ಕಿನಿಂದ ಆಕೆ ಹಿಂದಕ್ಕೆ ತಿರುಗುವಂತಿಲ್ಲ, ಕುಳಿತವರ ನಡುವಿನ ಗೆರೆಯನ್ನು ದಾಟುವಂತಿಲ್ಲ. ಆಚೆ ಬದಿಯ ಎದುರಾಳಿಯನ್ನು ಹಿಡಿಯಬೇಕಾದರೆ ಕುಳಿತ ಗೆಳತಿಯ ಬೆನ್ನು ಮುಟ್ಟಿ ಖೋ ಎಂದು ಎಬ್ಬಿಸಿ ತಾನು ಅಲ್ಲಿ ಕೂಡಬೇಕು. ಬಡವರ ಮನೆಯ ಮಕ್ಕಳು ಈ ಆಟದಲ್ಲಿ ಮುಂದೆ ಬಂದದ್ದಕ್ಕೆ ಇದರ ಅಗ್ಗವೇ ಕಾರಣ. ಇದರಲ್ಲಿ ಬಹುಕಾಲ ಹಣ ಬಾರದಿದ್ದುದಕ್ಕೂ ಒಂದರ್ಥದಲ್ಲಿ ಅದೇ ಕಾರಣ. ಸಾಮಾನು ಮಾರಲು ಬರುವ ಅಂಗಡಿ ಇಲ್ಲದ ಆಟಕ್ಕೆ ಜಾಹೀರಾತು ಕೊಡುವ ಧಣಿಯೂ ಸಿಗುವುದು ಕಷ್ಟ.

ಇಂದು ಧಾರಾಶಿವ ಎಂದು ಕರೆಯಲಾಗುವ, ಉಮರ್ಗಾ ತಾಲೂಕನ್ನೂ ಒಳಗೊಂಡ ಉಸ್ಮಾನಾಬಾದ್ ಜಿಲ್ಲೆಯ ಸಾರಿಕಾ ಕಾಳೆ ಅವರ ಹೆಸರನ್ನು ನಮ್ಮ ಪ್ರತಿ ಮನೆಯ ಹುಡುಗಿಯೂ ಅರಿತಿರಬೇಕು. 2016ರ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತದ ಮಹಿಳಾ ಖೋ-ಖೋ ತಂಡಕ್ಕೆ ಅವರು ನಾಯಕಿ. 2020ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಬಂದಿತು. 1998ರ ನಂತರ, ಅಂದರೆ 22 ವರ್ಷಗಳ ಬಳಿಕ, ಖೋ-ಖೋ ಆಟಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಪ್ರಶಸ್ತಿ ಬಂದಾಗ ಪತ್ರಿಕೆಗಳಲ್ಲಿ ಬಂದ ಅವರ ಬದುಕಿನ ವಿವರ ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಸುಮಾರು ಹತ್ತು ವರ್ಷ ಮನೆಯಲ್ಲಿ ದಿನಕ್ಕೆ ಒಂದೇ ಊಟ. ತರಬೇತಿ ಶಿಬಿರಕ್ಕೆ ಹೋದಾಗ ಮಾತ್ರ ಹೊಟ್ಟೆತುಂಬ. ತಾಯಿ ಬಟ್ಟೆ ಹೊಲಿಯುತ್ತಿದ್ದರು, ಅಜ್ಜ-ಅಜ್ಜಿಯ ಆಸರೆಯಿತ್ತು. ಅದೇ 2016ರಲ್ಲಿ ಮನೆಯ ಬಡತನಕ್ಕೆ ಬೇಸತ್ತು ಆಟವನ್ನೇ ಬಿಡಲು ಮನಸ್ಸು ಮಾಡಿದ್ದರು. ತರಬೇತುದಾರ ಚಂದ್ರಜಿತ ಜಾಧವ ಅವರು ತಿಳಿಹೇಳಿದ ಮೇಲೆ ಮೈದಾನಕ್ಕೆ ಮರಳಿದರು. ಇಂದು ಅವರು ಸರ್ಕಾರದ ಕ್ರೀಡಾಧಿಕಾರಿ.

ಈ ಕಥೆಯನ್ನು ಸನ್ಮಾನ ಸಭೆಗಳಲ್ಲಿ ಛಲದ ಕಥೆಯೆಂದು ಹೇಳುತ್ತಾರೆ. ಛಲ ನಿಜ. ಆದರೆ ಅದರಲ್ಲಿ ಇನ್ನೊಂದು ಕಥೆಯೂ ಇದೆ. ಅಷ್ಟೊಂದು ಬಡತನದಲ್ಲಿಯೂ ಆ ಮನೆ ಮಗಳ ಸಂಜೆಯನ್ನು ಕಿತ್ತುಕೊಳ್ಳಲಿಲ್ಲ. ಅನ್ನ ಕೊಡಲಾಗದ ಮನೆ ಸಮಯ ಕೊಟ್ಟಿತು. ನಮ್ಮಲ್ಲಿ ಎಷ್ಟೋ ಮನೆಗಳು ಎರಡು ಹೊತ್ತಿನ ಅನ್ನ ಕೊಡುತ್ತವೆ, ಸಮಯ ಕೊಡುವುದಿಲ್ಲ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆಯಿತು. 19ನೆಯ ತಾರೀಖಿನ ಅಂತಿಮ ಪಂದ್ಯದಲ್ಲಿ ನಮ್ಮ ಮಹಿಳೆಯರು ನೇಪಾಳವನ್ನು 78–40 ಅಂಕಗಳಿಂದ ಸೋಲಿಸಿದರು. ನಾಯಕಿ ಮಹಾರಾಷ್ಟ್ರದ ಪ್ರಿಯಾಂಕಾ ಇಂಗಳೆ. ತಂಡದಲ್ಲಿ ನಮ್ಮ ಧಾರಾಶಿವದ ಅಶ್ವಿನಿ ಶಿಂದೆ ಇದ್ದರು. ಮೈಸೂರು ಜಿಲ್ಲೆ ತಿರುಮಕೂಡಲು ನರಸೀಪುರ ತಾಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅಂತಿಮ ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂಬ ಗೌರವ ಚೈತ್ರಾ ಅವರಿಗೇ ಸಿಕ್ಕಿತು. ಮಹಾರಾಷ್ಟ್ರದ ಮಗಳೂ ಕರ್ನಾಟಕದ ಮಗಳೂ ಒಂದೇ ಸಾಲಿನಲ್ಲಿ ಕುಳಿತು ಒಬ್ಬರ ಬೆನ್ನು ಒಬ್ಬರು ಮುಟ್ಟಿ ಗೆದ್ದ ಆಟವದು. ಗಡಿಯಲ್ಲಿ ಬಾಳುವ ನಮಗೆ ಆ ನೋಟ ಬೇರೆಯವರಿಗಿಂತ ಹೆಚ್ಚು ಆಪ್ತವಾಗಿತ್ತು.

ಗೆದ್ದ ನಂತರದ ಮಾತೂ ನಮ್ಮ ಚರ್ಚೆಗೆ ಬೇಕಾದದ್ದು. ಮಹಾರಾಷ್ಟ್ರ ಸರ್ಕಾರ ತನ್ನ ಆಟಗಾರರಿಗೆ ತಲಾ 2.25 ಕೋಟಿ ರೂಪಾಯಿ ಘೋಷಿಸಿತು. ಕರ್ನಾಟಕ ತನ್ನ ಇಬ್ಬರಿಗೆ, ಪುರುಷರ ತಂಡದ ಎಂ.ಕೆ. ಗೌತಮ್ ಮತ್ತು ಚೈತ್ರಾ ಅವರಿಗೆ, ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಇಬ್ಬರೂ ಮಹಾರಾಷ್ಟ್ರದ ಉದಾಹರಣೆ ಕೊಟ್ಟು ಆ ಮೊತ್ತವನ್ನು ನಿರಾಕರಿಸಿದರು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎರಡೂ ರಾಜ್ಯಗಳಲ್ಲಿ ಗಂಡಿಗೂ ಹೆಣ್ಣಿಗೂ ಘೋಷಿಸಿದ ಮೊತ್ತ ಸಮನಾಗಿತ್ತು. ಅಂತರವಿದ್ದದ್ದು ರಾಜ್ಯ ರಾಜ್ಯಗಳ ನಡುವೆ. ಅಂದರೆ ಪದಕದ ಮೆಟ್ಟಿಲನ್ನು ಹತ್ತಿ ನಿಂತ ಹೆಣ್ಣುಮಗಳಿಗೆ ಸಮಾನತೆ ನಿಧಾನವಾಗಿ ದೊರಕುತ್ತಿದೆ.

ಜಗತ್ತಿನ ಇತಿಹಾಸವೂ ಇದನ್ನೇ ಹೇಳುತ್ತದೆ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು ಮೊದಲ ಬಾರಿಗೆ ಭಾಗವಹಿಸಿದಾಗ 997 ಸ್ಪರ್ಧಿಗಳಲ್ಲಿ ಅವರ ಸಂಖ್ಯೆ 22. 2024ರಲ್ಲಿ ಅದೇ ಪ್ಯಾರಿಸ್‌ನಲ್ಲಿ ಮಹಿಳೆಯರಿಗೂ ಪುರುಷರಿಗೂ ಸಮಾನ ಸ್ಥಾನಗಳನ್ನು ಮೀಸಲಿಟ್ಟರು. ನಡುವಿನ ದಾರಿ ಸುಲಭವಾಗಿರಲಿಲ್ಲ. 1928ರಲ್ಲಿ ಆಮ್‌ಸ್ಟರ್‌ಡ್ಯಾಂನಲ್ಲಿ ಮಹಿಳೆಯರು 800 ಮೀಟರ್ ಓಡಿದಾಗ, ಓಟದ ಕೊನೆಗೆ ಅವರು ದಣಿದದ್ದನ್ನೇ ದೊಡ್ಡದು ಮಾಡಿ, ಹೆಣ್ಣಿನ ಮೈಗೆ ಇದು ತಾಳದೆಂದು ಆ ಓಟವನ್ನೇ ತೆಗೆದುಹಾಕಿದರು. ಅದು ಮರಳಿ ಬಂದದ್ದು 1960ರ ರೋಮ್‌ನಲ್ಲಿ. ನಮ್ಮ ದೇಶದಲ್ಲಿ 2022ರ ಅಕ್ಟೋಬರಿನಲ್ಲಿ ಕ್ರಿಕೆಟ್ ಮಂಡಳಿಯು ಮಹಿಳೆಯರಿಗೂ ಪುರುಷರಷ್ಟೇ ಪಂದ್ಯ ಶುಲ್ಕವನ್ನು ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಟಿ-20ಗೆ 3 ಲಕ್ಷ ರೂಪಾಯಿ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಮಹಿಳೆಯರು ಏಕದಿನ ವಿಶ್ವಕಪ್ ಗೆದ್ದ ರಾತ್ರಿ ನಮ್ಮ ಓಣಿಯಲ್ಲಿಯೂ ಪಟಾಕಿ ಹಾರಿದವು. ಪಟಾಕಿ ಹಾರಿಸಿದ ಹುಡುಗರ ನಡುವೆ ಹುಡುಗಿಯರೂ ಇದ್ದರೆಂಬುದು ನನಗೆ ಇನ್ನೂ ಹೆಚ್ಚಿನ ಸಂತೋಷ.

ಹೀಗೆ ಮೇಲಿನ ಮಟ್ಟದಲ್ಲಿ ಬಾಗಿಲುಗಳು ತೆರೆಯುತ್ತಿರುವಾಗ ಕೆಳಗೆ, ನಮ್ಮ ಹಳ್ಳಿಯ ಬಯಲಿನಲ್ಲಿ, ಏನು ನಡೆಯುತ್ತಿದೆ?

ಐದನೆಯ, ಆರನೆಯ ತರಗತಿಗಳಲ್ಲಿ ನಾನು ಕಂಡಂತೆ ಹುಡುಗಿಯರು ಹುಡುಗರಿಗಿಂತ ಚುರುಕು. ಕುಂಟಾಟವಿರಲಿ, ಖೋ-ಖೋ ಇರಲಿ, ನೂರು ಮೀಟರ್ ಓಟವಿರಲಿ, ಸೀಟಿ ಊದುವ ಮೊದಲೇ ಅವರ ಕಾಲು ಎತ್ತಿರುತ್ತದೆ. ಏಳನೆಯ ತರಗತಿ ಮುಗಿಸಿ ದೊಡ್ಡ ಊರಿನ ಹೈಸ್ಕೂಲಿಗೆ ಸೇರುತ್ತಾರೆ. ಎರಡು ವರ್ಷದ ನಂತರ ಅದೇ ಹುಡುಗಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ, ಈಗ ಏನು ಆಡುತ್ತೀಯಮ್ಮ ಎಂದು ಕೇಳಿದರೆ, ತಲೆ ತಗ್ಗಿಸಿ ನಗುತ್ತಾಳೆ. "ಈಗ ಆಟ ಬಿಟ್ಟೀನ್ರಿ ಬಾಯಿ" ಎನ್ನುತ್ತಾಳೆ. ಬಿಟ್ಟದ್ದು ಅವಳೇ ಎಂಬಂತೆ ಅವಳ ಮಾತಿರುತ್ತದೆ.

ಅದನ್ನು ಬಿಡಿಸಿದವರಲ್ಲಿ ಮೊದಲನೆಯದು ಬಸ್ಸಿನ ವೇಳಾಪಟ್ಟಿ. ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಶಾಲೆಗೆ ಹೋಗಿಬರಲು ಎಸ್.ಟಿ. ಬಸ್ಸಿನ ಉಚಿತ ಪಾಸ್ ಇದೆ. ಅಹಿಲ್ಯಾಬಾಯಿ ಹೋಳ್ಕರರ ಹೆಸರಿನ ಆ ಯೋಜನೆಯಿಂದಾಗಿ ಓದನ್ನು ಮುಂದುವರಿಸಿದ ಎಷ್ಟೋ ಹುಡುಗಿಯರನ್ನು ನಾನು ಬಲ್ಲೆ. ಆದರೆ ಶಾಲೆ ಬಿಡುವುದು ಐದಕ್ಕೆ. ಹಳ್ಳಿಗೆ ಹೋಗುವ ಬಸ್ಸು ಐದೂಕಾಲಿಗೆ. ಅದರ ಮೇಲೆ ಬೇರೆ ಬಸ್ಸಿಲ್ಲ. ಆಟದ ತಾಲೀಮು ನಡೆಯುವುದು ಐದರಿಂದ ಏಳರವರೆಗೆ. ಹುಡುಗನಾದರೆ ಯಾರದೋ ಮೋಟಾರ್ ಸೈಕಲ್ ಹಿಂದೆ ಕುಳಿತು, ಹಾಲಿನ ಗಾಡಿ ಹತ್ತಿ, ಇಲ್ಲವೇ ನಡೆದಾದರೂ ಮನೆ ಸೇರುತ್ತಾನೆ. ಹುಡುಗಿಗೆ ಈ ಮೂರೂ ದಾರಿಗಳಿಲ್ಲ. ಒಬ್ಬ ತಂದೆ ನನಗೆ ಹೇಳಿದ ಮಾತು ಇದು: "ಬಾಯಿ, ಹುಡುಗಿ ಓಡೂದು ನಮಗೂ ಖುಷಿನೇ ಅದರಿ. ಆದ್ರ ಸಂಜಿ ಬಸ್ ತಪ್ಪಿತಂದ್ರ ನಾ ಹೊಲದಾಗ ಇರತೀನಿ, ಅಕಿನ್ನ ಯಾರ್ ಕರಕೊಂಡು ಬರಬೇಕು?" ಆ ಪ್ರಶ್ನೆಯಲ್ಲಿ ಹಳೆಯ ಕಾಲದ ಹಟವೇನೂ ಇರಲಿಲ್ಲ. ಅದು ಬಡ ತಂದೆಯ ಪ್ರಾಮಾಣಿಕ ಲೆಕ್ಕ. ತಾಲೂಕಿಗೊಂದು ಕ್ರೀಡಾ ಸಂಕುಲ ಕಟ್ಟುವ ಯೋಜನೆ ಸರ್ಕಾರದ್ದಿದೆ. ಸಂಕುಲ ತಾಲೂಕು ಸ್ಥಳದಲ್ಲಿರುತ್ತದೆ, ಹುಡುಗಿ ಹಳ್ಳಿಯಲ್ಲಿರುತ್ತಾಳೆ. ನಡುವೆ ಏಳು ಗಂಟೆಯ ಬಸ್ಸು ಇರುವುದಿಲ್ಲ.

ಎರಡನೆಯದು ಮನೆಯ ಕೆಲಸ. ಸಂಜೆಯ ಆ ಎರಡು ಗಂಟೆಗೆ ಮನೆಯಲ್ಲಿ ನೀರು ತರುವ, ಕಸಗುಡಿಸುವ, ರೊಟ್ಟಿ ಬಡಿಯುವ, ತಮ್ಮನನ್ನು ನೋಡಿಕೊಳ್ಳುವ ಹಕ್ಕುದಾರಿಕೆ ಮೊದಲೇ ಇದೆ. ನಳಕ್ಕೆ ನೀರು ಬರುವ ಹೊತ್ತು ಯಾವುದೆಂದು ನಮ್ಮ ಭಾಗದಲ್ಲಿ ಯಾರಿಗೆ ಗೊತ್ತಿರುವುದಿಲ್ಲ? ಬೇಸಿಗೆಯಲ್ಲಿ ಟ್ಯಾಂಕರ್ ಬಂದರಂತೂ ಕೊಡ ಹಿಡಿದು ಓಡುವವಳು ಹುಡುಗಿಯೇ. ಆ ಓಟಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ಮೂರನೆಯದು ಮೈಯ ಮಾತು. ಇದನ್ನು ಸ್ಮರಣ ಸಂಚಿಕೆಯಲ್ಲಿ ಬರೆಯಬಹುದೇ ಎಂದು ಕೆಲವರು ಸಂಕೋಚಪಡಬಹುದು. ಬರೆಯದಿರುವುದರಿಂದಲೇ ಸಮಸ್ಯೆ ಉಳಿದಿದೆ. ಮುಟ್ಟಿನ ದಿನಗಳಲ್ಲಿ ಬದಲಿಸಿಕೊಳ್ಳಲು ಬಾಗಿಲು ಗಟ್ಟಿಯಾಗಿ ಮುಚ್ಚುವ, ನೀರಿರುವ ಕೋಣೆಯೊಂದು ಮೈದಾನದ ಹತ್ತಿರ ಇಲ್ಲದಿದ್ದರೆ ತಿಂಗಳಿಗೆ ನಾಲ್ಕೈದು ದಿನ ಹುಡುಗಿ ತಾಲೀಮು ತಪ್ಪಿಸುತ್ತಾಳೆ. ತಪ್ಪಿಸಿದವಳನ್ನು ತಂಡದಿಂದ ಕೈಬಿಡುತ್ತಾರೆ. ಕಾರಣ ಕೇಳುವವರು ಗಂಡಸರಾದ್ದರಿಂದ ಅವಳು ಹೇಳುವುದಿಲ್ಲ. ಇನ್ನು ಆಟದ ಉಡುಪು. ಚಡ್ಡಿ ತೊಟ್ಟು ಆಡುವ ಹುಡುಗನನ್ನು ಯಾರೂ ನೋಡುವುದಿಲ್ಲ. ಮೊಣಕಾಲು ಕಾಣುವಂತೆ ಓಡುವ ಹುಡುಗಿಯನ್ನು ಕಟ್ಟೆಯ ಮೇಲೆ ಕುಳಿತ ಹತ್ತು ಜನ ನೋಡುತ್ತಾರೆ, ಮನೆಗೆ ಮಾತು ತಲುಪಿಸುತ್ತಾರೆ. 1928ರ ಆಮ್‌ಸ್ಟರ್‌ಡ್ಯಾಂಗೂ ನಮ್ಮೂರ ಕಟ್ಟೆಗೂ ಈ ಒಂದು ವಿಷಯದಲ್ಲಿ ಹೆಚ್ಚು ದೂರವಿಲ್ಲ. ಹೆಣ್ಣಿನ ಮೈ ಏನನ್ನು ತಾಳುತ್ತದೆ, ಎಷ್ಟು ಕಾಣಬೇಕು ಎಂಬುದನ್ನು ಎರಡೂ ಕಡೆ ತೀರ್ಮಾನಿಸಿದವರು ಓಡದವರೇ.

ನಾಲ್ಕನೆಯದು ಭಯ; ಇದನ್ನು ಹಗುರವಾಗಿ ಕಾಣಲಾಗದು. 2023ರ ಜನವರಿಯಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ದೂರು ಹೊತ್ತು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದನ್ನು ನಮ್ಮ ಹಳ್ಳಿಯ ಮನೆಗಳೂ ಟಿ.ವಿ.ಯಲ್ಲಿ ಕಂಡವು. ರಿಯೋ ಒಲಿಂಪಿಕ್ಸ್‌ನಲ್ಲಿ ಪದಕ ತಂದ ಸಾಕ್ಷಿ ಮಲಿಕ್ ಅವರಂಥವರಿಗೇ ಬೀದಿಯಲ್ಲಿ ಕೂಡುವ ಪಾಳಿ ಬಂದರೆ ನಮ್ಮ ಮಕ್ಕಳ ಪಾಡೇನು ಎಂದು ತಾಯಂದಿರು ನನ್ನನ್ನು ಕೇಳಿದರು. ಅವರ ಭಯ ಸರಿಯಾದದ್ದೇ. ಆದರೆ ಭಯಕ್ಕೆ ಮದ್ದೆಂದು ಮಗಳನ್ನು ಮನೆಯಲ್ಲಿ ಕೂಡಿಸಿದರೆ ಶಿಕ್ಷೆ ಅನುಭವಿಸುವವಳು ತಪ್ಪು ಮಾಡದವಳು. ಕೆಲಸದ ಸ್ಥಳದಲ್ಲಿ ಮಹಿಳೆಯರ ರಕ್ಷಣೆಗಾಗಿ ಬಂದ 2013ರ ಕಾನೂನು ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಸ್ಪರ್ಧೆಯ ಸ್ಥಳಗಳನ್ನೂ ಹೆಸರಿಸಿ ಒಳಗೊಂಡಿದೆ. ದೂರು ಕೇಳುವ ಸಮಿತಿ ಇದೆಯೇ, ಅದರಲ್ಲಿ ಮಹಿಳೆಯರಿದ್ದಾರೆಯೇ, ಹೊರಊರಿನ ಸ್ಪರ್ಧೆಗೆ ಹೋಗುವಾಗ ತಂಡದ ಜೊತೆ ಶಿಕ್ಷಕಿಯೊಬ್ಬರು ಇರುತ್ತಾರೆಯೇ ಎಂದು ಪಾಲಕರು ಕೇಳಬೇಕು. ಕೇಳುವುದು ನಮ್ಮ ಹಕ್ಕು. ಬಾಗಿಲು ಹಾಕುವುದಕ್ಕಿಂತ ಪ್ರಶ್ನೆ ಕೇಳುವುದು ಮಗಳಿಗೆ ಹೆಚ್ಚಿನ ಕಾವಲು.

ಎಲ್ಲಕ್ಕಿಂತ ದೊಡ್ಡದು ಮದುವೆ. ಬರಗಾಲ, ಸಾಲ, ಕಬ್ಬು ಕಡಿಯಲು ಊರು ಬಿಡುವ ಕುಟುಂಬಗಳು, ವಯಸ್ಸಿಗೆ ಬಂದ ಮಗಳನ್ನು ಎಲ್ಲಿ ಬಿಟ್ಟುಹೋಗುವುದೆಂಬ ಚಿಂತೆ, ಇವೆಲ್ಲ ಕೂಡಿ ಮರಾಠವಾಡದಲ್ಲಿ ಹದಿನೆಂಟು ತುಂಬುವ ಮೊದಲೇ ಹೆಣ್ಣು ಕೊಡುವ ರೂಢಿ ಕಾನೂನಿಗೆ ಹೆದರದೆ ಉಳಿದಿದೆ. ಆಟಗಾರ್ತಿಯೊಬ್ಬಳ ಮೈ ಪಕ್ವವಾಗುವ ವರ್ಷಗಳೂ ಅವಳಿಗೆ ವರ ನೋಡುವ ವರ್ಷಗಳೂ ಒಂದೇ.

ನನ್ನ ವಿದ್ಯಾರ್ಥಿನಿಯೊಬ್ಬಳ ಸಂಗತಿ ಹೇಳುತ್ತೇನೆ. ಹೆಸರು ಬೇಡ. ಹತ್ತನೆಯ ತರಗತಿಯಲ್ಲಿದ್ದಾಗ ಅವಳ ಖೋ-ಖೋ ತಂಡ ಜಿಲ್ಲಾ ಮಟ್ಟಕ್ಕೆ ಆಯ್ಕೆಯಾಯಿತು. ಸ್ಪರ್ಧೆಯ ದಿನವೇ ಅವಳನ್ನು ನೋಡಲು ಬೀಗರ ಕಡೆಯವರು ಬರುವುದೆಂದು ಗೊತ್ತಾಗಿತ್ತು. ಹುಡುಗಿ ಅತ್ತಳು, ತಾಯಿ ಸುಮ್ಮನಿದ್ದಳು, ತಂದೆ ಮುಖ ತಿರುಗಿಸಿದ. ಮನೆಗೆ ಹೋದ ನನಗೆ ಮಾತು ಹೊರಡಲಿಲ್ಲ. ಆಗ ಮೂಲೆಯಲ್ಲಿ ಕುಳಿತಿದ್ದ ಅವಳ ಅಜ್ಜಿ ಮಗನಿಗೆ ಹೇಳಿದಳು: "ನನ್ನ ಹದಿಮೂರಕ್ಕ ಕೊಟ್ಟರು. ಪಂಚಮಿಗೆ ತವರಿಗೆ ಬಂದಾಗಷ್ಟೇ ನಾ ಆಡಿದ್ದು. ಇಕಿ ಒಂದ್ ನಾಕ್ ವರ್ಷ ಆಡಲಿ ಬಿಡಪಾ. ನೋಡಾಕ ಬರೋರು ಮತ್ತ ಬರತಾರ, ಈ ವಯಸ್ಸು ಮತ್ತ ಬರೂದಿಲ್ಲ."

ಹುಡುಗಿ ಜಿಲ್ಲೆಗೆ ಹೋದಳು. ಎರಡನೆಯ ಪಂದ್ಯದಲ್ಲಿ ತಂಡ ಸೋತಿತು. ಪದಕ ಬರಲಿಲ್ಲ, ಪತ್ರಿಕೆಯಲ್ಲಿ ಹೆಸರೂ ಬರಲಿಲ್ಲ. ಆದರೆ ಹನ್ನೆರಡನೆಯ ತರಗತಿಯವರೆಗೆ ಓದು ನಡೆಯಿತು, ಓಟವೂ ನಡೆಯಿತು. ಮಹಾರಾಷ್ಟ್ರದ ಪೊಲೀಸ್ ನೇಮಕಾತಿಯಲ್ಲಿ ಮಹಿಳೆಯರಿಗೆ ಗುಂಡು ಎಸೆತ, ನೂರು ಮೀಟರ್ ಓಟದ ಜೊತೆಗೆ 800 ಮೀಟರ್ ಓಟದ ಪರೀಕ್ಷೆ ಇರುತ್ತದೆ. ಹೆಣ್ಣಿನ ಮೈಗೆ ತಾಳದೆಂದು ಒಲಿಂಪಿಕ್ಸ್‌ನವರು 32 ವರ್ಷ ಮುಚ್ಚಿಟ್ಟಿದ್ದ ಅದೇ 800 ಮೀಟರ್! ಎರಡನೆಯ ಪ್ರಯತ್ನದಲ್ಲಿ ಅವಳು ಅದನ್ನು ಓಡಿ ಗೆದ್ದಳು. ಈಗ ಜಾತ್ರೆ, ಹಬ್ಬಗಳಿಗೆ ಬಂದೋಬಸ್ತಿಗೆ ನಿಂತಾಗ ಖಾಕಿ ಉಡುಪಿನಲ್ಲಿ ನನಗೆ ನಮಸ್ಕಾರ ಮಾಡುತ್ತಾಳೆ.

ನಸುಕಿನಲ್ಲಿ ಉಮರ್ಗಾದ ಹತ್ತಿರ ಹೈದರಾಬಾದ್ ಹೆದ್ದಾರಿಯ ಅಂಚಿಗೆ ಹೋಗಿ ನಿಂತರೆ ಅವಳಂಥ ಹುಡುಗಿಯರನ್ನು ಯಾರೂ ನೋಡಬಹುದು. ಟ್ರ್ಯಾಕ್ ಪ್ಯಾಂಟ್ ತೊಟ್ಟು, ಜಡೆ ಬಿಗಿದು ಕಟ್ಟಿ, ಲಾರಿಗಳ ಬೆಳಕಿನಲ್ಲಿ ಭರ್ತಿಗಾಗಿ ಓಡುತ್ತಿರುತ್ತಾರೆ. ಓಡಲು ಬೇರೆ ಜಾಗವಿಲ್ಲದ್ದರಿಂದ ರಸ್ತೆಯ ಮಗ್ಗುಲೇ ಅವರ ಮೈದಾನ. ಊರಿನ ಹಿರಿಯರು ಈ ಓಟಕ್ಕೆ ಏನೂ ಅನ್ನುವುದಿಲ್ಲ. ನೌಕರಿಯ ಓಟವೆಂದು ಗೌರವಿಸುತ್ತಾರೆ. ಇದು ದೊಡ್ಡ ಬದಲಾವಣೆ, ಅದಕ್ಕಾಗಿ ನಾವು ಸಂತೋಷಪಡಬೇಕು. ಆದರೆ ಹದಿಮೂರರಲ್ಲಿ ಆಟಕ್ಕೆ ಓಡಲು ಬಿಡದೆ ಹತ್ತೊಂಬತ್ತರಲ್ಲಿ ನೌಕರಿಗೆ ಓಡು ಎಂದರೆ ಕಾಲುಗಳು ಎಲ್ಲಿಂದ ಬರಬೇಕು? ಹುಡುಗನ ಆಟಕ್ಕೆ ನಾವು ಕಾರಣ ಕೇಳುವುದಿಲ್ಲ. ಅವನು ಆಡುತ್ತಾನೆ, ಏಕೆಂದರೆ ಅವನು ಹುಡುಗ. ಹುಡುಗಿಯ ಆಟಕ್ಕೆ ಪದಕವೋ ಪೋಲೀಸ್ ಟೋಪಿಯೋ ಏನಾದರೊಂದು ಸಮರ್ಥನೆ ಬೇಕಾಗುತ್ತದೆ. ಸಮಾನತೆಯ ನಿಜವಾದ ಅಳತೆ ಇಲ್ಲಿದೆ ಎಂದು ನನಗನಿಸುತ್ತದೆ: ಯಾವ ಲಾಭವೂ ಇಲ್ಲದೆ, ಕೇವಲ ಆನಂದಕ್ಕಾಗಿ, ಒಬ್ಬ ಹುಡುಗಿ ಸಂಜೆ ಎರಡು ಗಂಟೆ ಆಡಬಹುದೇ?

ಉಮರ್ಗಾದವರಿಗೆ ಬಸವಕಲ್ಯಾಣ ನೆರೆಯೂರು. ಅನುಭವ ಮಂಟಪದಲ್ಲಿ ಹೆಣ್ಣಿಗೆ ಸಮಾನ ಆಸನವಿತ್ತೆಂದು ಪ್ರತಿ ಬಸವ ಜಯಂತಿಗೆ ನಾವು ಭಾಷಣ ಕೇಳುತ್ತೇವೆ. ಗಂಡ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಮರಳಿಸೆಂದು ತಿದ್ದಿದ ಆಯ್ದಕ್ಕಿ ಲಕ್ಕಮ್ಮನನ್ನು ಕೊಂಡಾಡುತ್ತೇವೆ. ಒಬ್ಬಳೇ ನಾಡು ದಾಟಿ ಕಲ್ಯಾಣಕ್ಕೆ ನಡೆದು ಬಂದ ಅಕ್ಕಮಹಾದೇವಿಯ ಭಾವಚಿತ್ರಕ್ಕೆ ಹೂ ಏರಿಸುತ್ತೇವೆ. ಆ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವ ನಾವು, ನಮ್ಮ ಮನೆಯ ಹುಡುಗಿ ಪಕ್ಕದೂರಿನ ಮೈದಾನಕ್ಕೆ ಹೋಗಿಬರಲು ವ್ಯವಸ್ಥೆ ಮಾಡಲಾರೆವೇ?

ಸಾಹಿತ್ಯ ಸಮ್ಮೇಳನಕ್ಕೂ ಆಟಕ್ಕೂ ಏನು ಸಂಬಂಧವೆಂದು ಕೇಳುವವರಿಗೆ ನನ್ನ ಉತ್ತರ ಸರಳ. ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿದವರು ಹೆಚ್ಚಾಗಿ ಹೆಂಗಸರು. ಶಾಲೆ ಮರಾಠಿಯದಾಗಿ, ಕಚೇರಿ ಮರಾಠಿಯದಾಗಿ, ಸಂತೆ ಎರಡೂ ಭಾಷೆಯದಾಗಿದ್ದಾಗ ಒಲೆಯ ಮುಂದೆ, ತೊಟ್ಟಿಲ ಬಳಿ ಕನ್ನಡವನ್ನು ಕಾಪಾಡಿದ ತಾಯಂದಿರ ಋಣ ಈ ಸಂಘದ ಮೇಲಿದೆ. ಆ ಋಣವನ್ನು ವೇದಿಕೆಯ ಹೊಗಳಿಕೆಯಿಂದ ತೀರಿಸಲಾಗದು. ಅವರ ಮೊಮ್ಮಕ್ಕಳಿಗೆ ಸಮಯ ಕೊಟ್ಟು ತೀರಿಸಬಹುದು.

ಸಂಘ ಮಾಡಬಹುದಾದದ್ದು ದೊಡ್ಡದೇನಲ್ಲ. ವಾರ್ಷಿಕೋತ್ಸವದಲ್ಲಿ ಮಹಿಳೆಯರಿಗೆ ರಂಗೋಲಿ, ಸಂಗೀತ ಕುರ್ಚಿ ಇದ್ದೇ ಇರುತ್ತವೆ. ಅವುಗಳ ಜೊತೆಗೆ ಹುಡುಗಿಯರಿಗೊಂದು ಖೋ-ಖೋ ಪಂದ್ಯವಿರಲಿ, ಅದನ್ನು ನೋಡಲು ತಂದೆಯರು ಕಡ್ಡಾಯವಾಗಿ ಬರಲಿ. ಪದಕ ಗೆದ್ದವರಿಗೆ ಶಾಲು ಹೊದಿಸುವಂತೆಯೇ ಎಂಟನೆಯ ತರಗತಿಗೆ ಬಂದರೂ ಆಟ ಬಿಡದ ಹುಡುಗಿಗೆ ಒಂದು ಜೊತೆ ಬೂಟು ಕೊಡೋಣ. ಒಂದೇ ದಾರಿಯ ನಾಲ್ಕು ಹಳ್ಳಿಗಳ ಪಾಲಕರು ಕೂಡಿದರೆ ಸಂಜೆ ಏಳಕ್ಕೆ ಒಂದು ಆಟೋ ಗೊತ್ತುಮಾಡುವುದು ಅಸಾಧ್ಯವಲ್ಲ. ಜೊತೆಗೆ ಸರದಿಯಂತೆ ಒಬ್ಬ ತಾಯಿ ಕುಳಿತರೆ ಭಯವೂ ಇಲ್ಲ. ನಿವೃತ್ತ ಶಿಕ್ಷಕಿಯರು ನಾವು ಹಲವರಿದ್ದೇವೆ. ಸೀಟಿ ಊದಲು ಉಸಿರು ಇನ್ನೂ ಇದೆ.

ಇದಕ್ಕೂ ಮೊದಲು ಮಾಡಬಹುದಾದ ಕೆಲಸವೊಂದಿದೆ. ಈ ಸಮ್ಮೇಳನಕ್ಕೆ ಮೂರೂ ತಾಲೂಕುಗಳಿಂದ ಜನ ಬರುತ್ತಾರೆ. ಶಾಲೆಗಳಿರುವ ಊರಿನಿಂದ ಹಳ್ಳಿಗಳಿಗೆ ಸಂಜೆ ಏಳು ಗಂಟೆಗೆ ಒಂದು ಎಸ್.ಟಿ. ಬಸ್ಸು ಬಿಡಬೇಕೆಂದು ಡೇಪೋ ವ್ಯವಸ್ಥಾಪಕರಿಗೆ ಸಂಘದ ಪತ್ರಶೀರ್ಷಿಕೆಯ ಮೇಲೆ ಅರ್ಜಿ ಬರೆಯೋಣ. ಅದು ಕನ್ನಡದಲ್ಲಿಯೂ ಇರಲಿ, ಮರಾಠಿಯಲ್ಲಿಯೂ ಇರಲಿ. ಊಟಕ್ಕೆ ಏಳುವ ಮೊದಲು ಎಲ್ಲರೂ ಸಹಿ ಮಾಡೋಣ. ಮೊದಲ ಸಹಿ ನಾನು ಹಾಕುತ್ತೇನೆ.